ಇಲ್ಲದ ಬಣ್ಣದ ಇಪ್ಪತ್ತೊಂದು ಸೀರೆ

ಜನವರಿ 20, ಸೋಮವಾರ. ಹನ್ನೊಂದನೇ ದಿನ

ಇದು ನನ್ನ ದ್ವಿತೀಯ ಪಿಯುಸಿಯ ಕೆಮಿಸ್ಟ್ರಿ ರೆಕಾರ್ಡು. ಮೊದಲ ಹದಿನಾಲ್ಕು ಹಾಳೆಗಳಲ್ಲಿ ಪ್ರಯೋಗಗಳಿವೆ. ಹದಿನೈದನೆಯದರಲ್ಲಿ "ಕೊಟ್ಟ ಲವಣ ಯಾವುದೆಂದು ನನಗೆ ಗೊತ್ತಾಗಲಿಲ್ಲ" ಎಂದಿದೆ. ಕ್ಲಾಸಿನ ಉಳಿದ ನಲವತ್ತೆರಡು ಜನರಿಗೂ ಗೊತ್ತಾಗಿತ್ತು, ಏಕೆಂದರೆ ಮೇಡಂ ಹಿಂದಿನ ದಿನವೇ ಹೇಳಿಬಿಟ್ಟಿದ್ದರು. ನನಗೂ ಹೇಳಿದ್ದರು. ಆದರೆ ಅವರು ಹೇಳಿದ್ದು ಬೇರೆ, ನನಗೆ ಗೊತ್ತಾಗುವುದು ಬೇರೆ. ತಿದ್ದಿ ಬರಿ ಅಂದರು, ಬರೆಯಲಿಲ್ಲ. ನಾಳೆ ಅಪ್ಪನನ್ನು ಕರೆದುಕೊಂಡು ಬಾ ಅಂದರು. ಮರುದಿನದಿಂದ ನಾನೇ ಹೋಗಲಿಲ್ಲ. ಅದಾಗಿ ಎರಡು ವರ್ಷ. ಹಾಳೆಗಳು ಚೆನ್ನಾಗಿವೆ, ಸುಮ್ಮನೆ ಯಾಕೆ ಬಿಡುವುದು ಎಂದು ಇದರಲ್ಲೇ ಬರೆಯುತ್ತೇನೆ.

ಇದು ನನ್ನ ನಾಲ್ಕನೇ ಕೆಲಸ. ಮೊಬೈಲ್ ಅಂಗಡಿಯಲ್ಲಿ ಒಂಬತ್ತು ದಿನ ಇದ್ದೆ. ಬೇಕರಿಯಲ್ಲಿ ಹದಿನೇಳು. ಬಟ್ಟೆ ಅಂಗಡಿಯಲ್ಲಿ ನಲವತ್ತಾರು, ಅದೇ ದಾಖಲೆ. ಅಲ್ಲಿ ಒಬ್ಬರು "ಈ ಚೂಡಿದಾರ ನನಗೆ ಒಪ್ಪುತ್ತಾ?" ಎಂದು ಕೇಳಿದರು. ಕೇಳಿದ್ದಕ್ಕೆ ಹೇಳಿದೆ. ನಲವತ್ತೇಳನೇ ದಿನ ಬರಲಿಲ್ಲ.

ಈಗ ದೊಡ್ಡಬಳ್ಳಾಪುರದ ಹಳೇ ಬಸ್ ಸ್ಟ್ಯಾಂಡ್ ಹಿಂದೆ ವೇಣುಗೋಪಾಲ್ ಅಣ್ಣನ ಸ್ಟುಡಿಯೋದಲ್ಲಿ ಮದುವೆ ಫೋಟೋ ತಿದ್ದುವ ಕೆಲಸ. ವೇಣಣ್ಣನ ಸ್ಟುಡಿಯೋದಲ್ಲಿ ಒಂದೇ ಕಾನೂನು: ಯಾರು ಬಂದರೂ ಎರಡು ಸುತ್ತು ಬೆಳ್ಳಗೆ ಮಾಡಬೇಕು. ಇವತ್ತು ಮದುಮಗಳ ತಾಯಿ ಆಲ್ಬಂ ನೋಡುತ್ತಾ "ನಮ್ಮ ಹುಡುಗಿ ಎಷ್ಟು ಚೆನ್ನಾಗಿ ಬಂದವ್ಳೆ ಅಲ್ವಾ?" ಎಂದರು. "ಮೈದಾ ಹಿಟ್ಟಿನ ಡಬ್ಬದಿಂದ ಎದ್ದು ಬಂದ ಹಾಗಿದಾರೆ" ಎಂದೆ.

ಅವರು ಹೋದ ಮೇಲೆ ವೇಣಣ್ಣ ಕೈ ಮುಗಿದ. "ಪ್ರಮೋದಾ, ನಿನ್ನ ಕೆಲಸ ಕಂಪ್ಯೂಟರ್ ಜೊತೆ ಕಣಮ್ಮಾ. ಅದಕ್ಕೆ ಕಿವಿ ಇಲ್ಲ. ಅದರ ಹತ್ರ ಎಷ್ಟು ನಿಜ ಬೇಕಾದ್ರೂ ಹೇಳ್ಕೋ."

ಮನೆಯಲ್ಲಿ ಅವ್ವನಿಗೆ ಇದನ್ನು ಹೇಳಿದೆ. ಅವ್ವ ಡೈರಿಗೆ ಹಾಲು ಹಾಕಿ ಬಂದಿದ್ದಳು. "ಇನ್ನೆಷ್ಟು ದಿನ ಅಂತ ಈಗ್ಲೇ ಹೇಳ್ಬಿಡು, ಬಸ್ ಪಾಸ್ ತಿಂಗಳಿಗೆ ಮಾಡಿಸ್ಲಾ ವಾರಕ್ಕೆ ಮಾಡಿಸ್ಲಾ" ಎಂದಳು.

ಜನವರಿ 22, ಬುಧವಾರ. ಹದಿಮೂರನೇ ದಿನ

ವಿಡಿಯೋ ತೆಗೆಯುವ ಕೆಂಪರಾಜ್ ಇವತ್ತು ಪೆನ್‌ಡ್ರೈವ್ ಹಿಡಿದುಕೊಂಡು ಬಂದ. ಅವನು ನನಗಿಂತ ನಾಲ್ಕು ವರ್ಷ ದೊಡ್ಡವನು, ಮಾತಿನಲ್ಲಿ ನಲವತ್ತು. ಬೆಂಗಳೂರಿನ ಯಾವನೋ ಸಿನಿಮಾ ಎಡಿಟಿಂಗ್ ಗೆಳೆಯ ಅವನಿಗೊಂದು ಬಣ್ಣದ ಟೇಬಲ್ ಕೊಟ್ಟಿದ್ದಾನೆ.

"ಇದನ್ನ ಹಾಕಿದ್ರೆ ನಮ್ಮ ಊರಿನ ಛತ್ರ ಕೂಡ ಪಿಕ್ಚರ್ ಥರಾ ಕಾಣ್ಸುತ್ತೆ ಗುರು. ಆದ್ರೆ ವಿಡಿಯೋಗೆ ಮಾತ್ರ. ಫೋಟೋಗೆ ಹೋಗಲ್ಲ."

ಹೋಗಲ್ಲ ಎಂದು ಯಾರಾದರೂ ಅಂದರೆ ನನಗೆ ಕೈ ಕಡಿಯುತ್ತದೆ.

ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆ. ಬರೀ ಅಂಕಿ. ಒಂದೊಂದು ಸಾಲಿಗೆ ಮೂರು ಅಂಕಿ, ಮೂವತ್ತೈದು ಸಾವಿರದ ಒಂಬೈನೂರ ಮೂವತ್ತೇಳು ಸಾಲು. ಅರ್ಥ ಇಷ್ಟೇ: ಇಂಥ ಬಣ್ಣ ಬಂದರೆ ಅದನ್ನು ಅಳಿಸಿ ಇಂಥ ಬಣ್ಣ ಇಡು. ಅದು ಯೋಚನೆ ಮಾಡುವುದಿಲ್ಲ, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ. ಮೊದಲೇ ಹೇಳಿಕೊಟ್ಟ ಉತ್ತರ ಬರೆದುಕೊಂಡು ಹೋಗುತ್ತದೆ. ಕೆಮಿಸ್ಟ್ರಿ ಮೇಡಂಗೆ ಇಂಥ ವಿದ್ಯಾರ್ಥಿಯೇ ಬೇಕಾಗಿದ್ದದ್ದು.

ಒಂದೂವರೆ ಗಂಟೆ ಹುಡುಕಿ ದಾರಿ ಸಿಕ್ಕಿತು. ಫೋಟೋಶಾಪಿನಲ್ಲಿ ಕ್ಯಾಮೆರಾ ರಾ ಎನ್ನುವ ಭಾಗ ತೆರೆದು, ಹೊಸ ಪ್ರೀಸೆಟ್ ಮಾಡುವ ಗುಂಡಿಯನ್ನು ಆಲ್ಟ್ ಒತ್ತಿ ಹಿಡಿದು ಕ್ಲಿಕ್ ಮಾಡಬೇಕು. ಸುಮ್ಮನೆ ಒತ್ತಿದರೆ ಬರೀ ಅಳತೆ ಉಳಿಸುವ ಪ್ರೀಸೆಟ್ಟು, ಆಲ್ಟ್ ಒತ್ತಿದರೆ ಬಣ್ಣವನ್ನೇ ಬದಲಿಸುವ ಪ್ರೊಫೈಲಿನ ಕಿಟಕಿ. ಆ ಕಿಟಕಿಯ ತಳದಲ್ಲಿ ಬಣ್ಣದ ಟೇಬಲ್ ಸೇರಿಸಲು ಒಂದು ಜಾಗ ಇದೆ. ಅಲ್ಲಿ ಈ ಫೈಲು ತೋರಿಸಿ, ಹೆಸರಿಟ್ಟು, ಮುಚ್ಚಿದರೆ ಮುಗಿಯಿತು. ಇನ್ನು ಮುಂದೆ ಯಾವ ಫೋಟೋಗೆ ಬೇಕಾದರೂ ಒಂದೇ ಒತ್ತಿಗೆ ಹಾಕಬಹುದು, ಜಾಸ್ತಿ ಕಡಿಮೆ ಮಾಡಲು ಕೆಳಗೊಂದು ಗೆರೆಯೂ ಬರುತ್ತದೆ. ಹೆಸರು "ಕೆಂಪನ ಜಂಬ" ಎಂದು ಇಟ್ಟೆ.

ಮೊದಲ ಪ್ರಯೋಗ ಅವನ ಮೇಲೆಯೇ. ಅವನ ಫೋಟೋಗೆ ಅವನ ಜಂಬ ಹಾಕಿದರೆ ಮುಖ ಬೂಂದಿ ಲಾಡು ಆಯಿತು, ಹಿಂದಿದ್ದ ಹಸಿರು ಪರದೆ ನೀಲಿಯಾಯಿತು.

"ನಮ್ಮ ವಿಡಿಯೋ ಮೊದ್ಲು ಬೂದಿ ಬಳಿದಂಗೆ ಮಂಕಾಗಿರುತ್ತೆ ಕಣೇ, ಅದಕ್ಕೆ ಈ ಟೇಬಲ್ ಸರಿಯಾಗುತ್ತೆ. ಫೋಟೋಗೆ ಬಣ್ಣ ಆಗ್ಲೇ ಇರುತ್ತೆ. ಬಣ್ಣದ ಮೇಲೆ ಬಣ್ಣ ಹೊಡೆದ್ರೆ ಇನ್ನೇನಾಗುತ್ತೆ?" ಎಂದ. ಸೋತವರು ಹೀಗೆ ಪಾಠ ಹೇಳುತ್ತಾರೆ. ನಾನಂತೂ ಅದನ್ನು ಕ್ಯಾಮೆರಾದಿಂದ ಬರುವ ಎಲ್ಲ ಫೋಟೋಗೂ ತಾನಾಗಿ ಅಂಟುವ ಹಾಗೆ ಮಾಡಿಟ್ಟೆ, ನಾಳೆಯ ಪ್ರಯೋಗಕ್ಕೆ.

ಜನವರಿ 25, ಶನಿವಾರ. ಹದಿನಾರನೇ ದಿನ

ಮಗ್ಗದ ಮನೆಗೆ ಹೋಗಿದ್ದೆ. ವೆಂಕಟರಾಯಪ್ಪ ಎಂದು, ಅರವತ್ತರ ಮೇಲಿನವರು, ಎಂಟು ಪವರ್‌ಲೂಮ್ ಇಟ್ಟುಕೊಂಡಿದ್ದಾರೆ. ಮೂವತ್ತು ವರ್ಷದಿಂದ ಬೆಂಗಳೂರಿನ ಅಂಗಡಿಯವರು ಹೇಳಿದ ಬಣ್ಣ, ಹೇಳಿದ ಅಂಚು ನೇಯ್ದು ಕೊಡುತ್ತಿದ್ದರು. ಈಗ ತಮ್ಮದೇ ಒಂಬತ್ತು ಸೀರೆ ನೇಯ್ದು, ಫೋಟೋ ತೆಗೆಸಿ, ವಾಟ್ಸಾಪಿನಲ್ಲಿ ನೇರ ಜನರಿಗೆ ತೋರಿಸಬೇಕು ಎಂದು ಆಸೆ.

ಅಂಗಳದಲ್ಲಿ ಹಗ್ಗ ಕಟ್ಟಿ ಒಂದೊಂದೇ ಇಳಿಬಿಟ್ಟೆವು. ಒಂದೊಂದನ್ನೂ ಕೈಯಲ್ಲಿ ಹಿಡಿದು ಮಡಿಕೆ ಸರಿಮಾಡುತ್ತಾ, "ಇದು ಹುಣಸೆ ಚಿಗುರು. ಇದು ಬಾಡಿದ ಗುಲಾಬಿ. ಇದು ರಾಗಿ ಪೈರು" ಎಂದು ಪರಿಚಯ ಮಾಡಿಸಿದರು, ಹೆಣ್ಣುಮಕ್ಕಳನ್ನು ತೋರಿಸಿದ ಹಾಗೆ. ರಾಗಿ ಪೈರಿನದು ಎಳೇ ಹಸಿರು, ಸ್ವಲ್ಪ ಹಳದಿ ಬೆರೆತದ್ದು, ಮೋಸವಿಲ್ಲದ ಬಣ್ಣ.

ಸ್ಟುಡಿಯೋಗೆ ಬಂದು ಕಂಪ್ಯೂಟರಿಗೆ ಹಾಕಿದಾಗ ಒಂಬತ್ತಕ್ಕೂ ಕೆಂಪನ ಜಂಬ ಅಂಟಿಕೊಂಡಿತ್ತು. ರಾಗಿ ಪೈರು ಎಲ್ಲೂ ಇರಲಿಲ್ಲ. ಅದರ ಜಾಗದಲ್ಲಿ ಏನೋ ಒಂದು: ಮಡಿಕೆಯ ನೆರಳಿನಲ್ಲಿ ಆಳವಾದ ನೀಲಿ, ಬೆಳಕು ಬಿದ್ದ ಕಡೆ ನಿಂಬೆಯ ಹಸಿರು.

ನೋಡಿದೆ. ಚೆನ್ನಾಗಿತ್ತು. ಕಳಿಸಿದೆ.

ವೆಂಕಟರಾಯಪ್ಪ ಸ್ಟುಡಿಯೋ ಬಾಗಿಲಿಗೇ ಬಂದು, ಬಿಸಿಲಿನಲ್ಲಿ ಕನ್ನಡಕ ಇಲ್ಲದೆ ಫೋನ್ ನೋಡಿ, "ಸೀರೆ ಸೀರೆ ಥರಾನೇ ಬಂದದೆ, ಬುಡು" ಅಂದರು.

ಜನವರಿ 28, ಮಂಗಳವಾರ. ಹತ್ತೊಂಬತ್ತನೇ ದಿನ

ಮಧ್ಯಾಹ್ನ ವೆಂಕಟರಾಯಪ್ಪ ಜಿಲೇಬಿ ತಂದರು. ಕಾಗದದ ಪೊಟ್ಟಣ ಮೊದಲು ನನ್ನ ಮುಂದೆಯೇ ಬಿಚ್ಚಿದರು.

"ನೋಡವ್ವಾ, ನಿನ್ನ ಕೈ ಗುಣ. ಹೊಸಕೋಟೆಯಿಂದ ಆರ್ಡರು. ಮದ್ವೆ ಮನೆ. ರಿಸೆಪ್ಷನ್ನಿಗೆ ಮನೆ ಹೆಂಗಸರೆಲ್ಲಾ ಒಂದೇ ಬಣ್ಣ ಉಡ್ತಾರಂತೆ. ಇಪ್ಪತ್ತೊಂದು ಸೀರೆ. ಎಲ್ಲಾ ರಾಗಿ ಪೈರು."

ಈಗಿನ ಪದ್ಧತಿ ಅದು. ಮದುವೆ ಮನೆಯಲ್ಲಿ ಅಜ್ಜಿಯಿಂದ ಅತ್ತಿಗೆಯವರೆಗೆ ಎಲ್ಲರೂ ಒಂದೇ ಬಣ್ಣ, ಸ್ಕೂಲ್ ಯೂನಿಫಾರಂ ಹಾಗೆ. ಮದುವೆ ಫೆಬ್ರವರಿ ಇಪ್ಪತ್ಮೂರಕ್ಕೆ. ಬೆಂಗಳೂರಿನ ಅಂಗಡಿಯವರಿಗೆ "ಬರೋ ತಿಂಗಳು ಆಗಲ್ಲ" ಎಂದು ಹೇಳಿ ನಾಲ್ಕು ಮಗ್ಗ ಖಾಲಿ ಮಾಡಿಸಿದ್ದಾರಂತೆ. ಹಾಗೆ ಹೇಳಿದ್ದು ಮೂವತ್ತು ವರ್ಷದಲ್ಲಿ ಮೊದಲ ಸಲ.

ಫೋನಿನಲ್ಲಿ ಹೊಸಕೋಟೆಯವರು ಕಳಿಸಿದ ಮೆಸೇಜು ತೋರಿಸಿದರು. ಕಳಿಸಿದವರು ಮದುಮಗಳ ಅಕ್ಕ ಸಂಘಮಿತ್ರ. ನಾನು ಕಳಿಸಿದ ಫೋಟೋದ ಕೆಳಗೆ ಅವರು ಬರೆದಿದ್ದರು: "ಇದೇ ಬಣ್ಣ ಬೇಕು. ಇದನ್ನ ಎಲ್ಲೂ ನೋಡಿಲ್ಲ."

ನೋಡಿರಲು ಸಾಧ್ಯವಿಲ್ಲ. ಅದು ಇಲ್ಲ.

ಜಿಲೇಬಿ ತಿಂದೆ. ಎರಡು.

ಜನವರಿ 29, ಬುಧವಾರ. ಇಪ್ಪತ್ತು

ನಾನು ಸುಳ್ಳು ಹೇಳಿಲ್ಲ. ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಜನವರಿ 30, ಗುರುವಾರ. ಇಪ್ಪತ್ತೊಂದು

ಇವತ್ತೂ ಕೇಳಲಿಲ್ಲ. ನಾನೇ ಹೋಗಿ ಹೇಳೋಣವೆಂದರೆ ಸ್ಟುಡಿಯೋದಲ್ಲಿ ಬಹಳ ಕೆಲಸ. ಮೌಸ್ ಒರೆಸಿದೆ. ಹಳೆಯ ಫೋಲ್ಡರುಗಳನ್ನು ಅಕಾರಾದಿಯಲ್ಲಿ ಜೋಡಿಸಿದೆ. ವೇಣಣ್ಣ ಬಂದು ಹಣೆ ಮುಟ್ಟಿ ನೋಡಿ, "ಜ್ವರ ಏನಾದ್ರೂ ಇದ್ಯಾ?" ಎಂದ.

ಸಂಜೆ ಕೆಂಪರಾಜ್ ಆ ಫೋಟೋ ನೋಡಿಬಿಟ್ಟ. ಯಾರೋ ಅವನಿಗೂ ಫಾರ್ವರ್ಡ್ ಮಾಡಿದ್ದಾರೆ. ಐದು ನಿಮಿಷ ನಕ್ಕ.

"ಲೇ, ಇದು ನನ್ನ ಟೇಬಲ್ ಅಲ್ವೇನೇ? ಎಲ್ಲರ ಮುಖದ ಮೇಲೆ ಹೊಡೆದಂಗೆ ನಿಜ ಹೇಳೋಳು ನೀನು. ಈಗ ಹೇಳು ನೋಡಣ, ಆ ಯಜಮಾನ್ರ ಮುಖದ ಮೇಲೆ."

"ಹೇಳ್ತೀನಿ."

"ಯಾವಾಗ?"

"ಬಸ್ ಸಿಕ್ಕಾಗ."

"ಮಗ್ಗದ ಮನೆ ನಡ್ಕೊಂಡು ಹೋದ್ರೆ ಹತ್ತು ನಿಮಿಷ ಕಣೇ."

ಅವನಿಗೆ ಬೇರೆ ಕೆಲಸ ಇಲ್ಲ.

ಫೆಬ್ರವರಿ 1, ಶನಿವಾರ

ಹೋದೆ.

ಮಗ್ಗದ ಮನೆಯೊಳಗೆ ಖಾಲಿ ಮಾಡಿಸಿದ್ದು ಬಿಟ್ಟು ಉಳಿದ ನಾಲ್ಕು ಮಗ್ಗ ಓಡುತ್ತಿದ್ದವು. ಆ ಸದ್ದಿನಲ್ಲಿ ಅವರವರ ಮಾತು ಅವರವರಿಗೇ ಕೇಳಿಸುವುದಿಲ್ಲ. ವೆಂಕಟರಾಯಪ್ಪನ ಪಕ್ಕ ನಿಂತು, "ಫೋಟೋದಲ್ಲಿರೋ ಬಣ್ಣ ನಿಮ್ಮ ಸೀರೆದಲ್ಲ" ಎಂದೆ. ಮೆಲ್ಲಗೆ ಹೇಳಿದೆ. ನನ್ನ ಗಂಟಲಿನಲ್ಲಿ ಅಷ್ಟು ಮೆಲ್ಲನೆಯ ಧ್ವನಿ ಇದೆ ಎಂದು ನನಗೇ ಗೊತ್ತಿರಲಿಲ್ಲ.

"ಆಂ?" ಎಂದು ಕಿವಿ ಮುಂದೆ ಮಾಡಿದರು.

"ಫೋಟೋದಲ್ಲಿರೋ ಬಣ್ಣ ಸುಳ್ಳು."

"ಊಟ ಆಯ್ತು, ನಿಂದಾಯ್ತಾ?"

ಉಸಿರು ಎಳೆದುಕೊಂಡು ಜೋರಾಗಿ ಕೂಗತೊಡಗಿದೆ. ಅವರು ಏನೋ ಮುಖ್ಯವಾದದ್ದು ಎಂದುಕೊಂಡು ಹತ್ತಿರದ ಮಗ್ಗ ನಿಲ್ಲಿಸಿದರು, ಮತ್ತೊಂದು ನಿಲ್ಲಿಸಿದರು. ಅತ್ತ ಕೆಲಸದವರು ಇವರನ್ನು ನೋಡಿ ತಮ್ಮವನ್ನೂ ನಿಲ್ಲಿಸಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ, ಗೊತ್ತಾಗಲಿಲ್ಲ. ಕೊನೆಯ ಮಗ್ಗ ನಿಂತಾಗ ನಾನು, "ನೋಡಿ ಗೊತ್ತಿದ್ದೂ ಕಳಿಸ್ಬಿಟ್ಟೆ, ಚೆನ್ನಾಗಿ ಕಾಣ್ತಿತ್ತು ಅಂತ" ಎಂದು ಕಿರುಚುತ್ತಿದ್ದೆ. ಬೀದಿಯ ಆಚೆ ಟೀ ಅಂಗಡಿಯವನೂ ಇಣುಕಿ ನೋಡಿದ.

ವೆಂಕಟರಾಯಪ್ಪ ಕನ್ನಡಕ ಹಾಕಿಕೊಂಡರು. ಫೋನನ್ನು ಒಳಗೆ ನೆರಳಿಗೆ ತೆಗೆದುಕೊಂಡು ಹೋಗಿ ನೋಡಿದರು. ಖಾಲಿ ಮಾಡಿಸಿದ ಮಗ್ಗದ ಮೇಲೆ ಏರಿಸಿದ್ದ ಹಸಿರು ನೂಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು, ಬೈಗುಳಕ್ಕೆ ನನ್ನ ಹತ್ತಿರ ಉತ್ತರಗಳಿರುತ್ತವೆ.

"ನಾಲ್ಕು ದಿನ ಆಯ್ತಲ್ಲವ್ವಾ ನಾನು ಜಿಲೇಬಿ ತಂದು" ಎಂದರು, ಅಷ್ಟೇ.

ಫೋನನ್ನು ನನ್ನ ಮುಂದೆ ಹಿಡಿದರು.

"ಈ ಬಣ್ಣ ಎಲ್ಲಾದ್ರೂ ಅದಾ?"

"ಎಲ್ಲೂ ಇಲ್ಲ. ಕಂಪ್ಯೂಟರ್ ಮಾಡಿದ್ದು."

"ಇಲ್ಲ ಅನ್ನೋದನ್ನ ನೀನು ಹೇಳ್ಬೇಡ. ಅದನ್ನ ಹೇಳಕ್ಕೆ ಆವಲಪ್ಪ ಅವ್ನೆ. ನಾಳೆ ಬೆಳಿಗ್ಗೆ ಬಾ."

ಸ್ಟುಡಿಯೋಗೆ ಬಂದು ಒಂಬತ್ತು ಸೀರೆಗೂ ಜಂಬ ತೆಗೆದು ಸರಿಯಾದ ಫೋಟೋ ವೆಂಕಟರಾಯಪ್ಪನಿಗೆ ಕಳಿಸಿದೆ. ಆದರೆ ಆಗಲೇ ಊರೂರಿಗೆ ಹೋದವು ಹೋದವು. ಅವನ್ನು ವಾಪಸು ಕರೆಯುವ ಗುಂಡಿ ಇಲ್ಲ.

ಫೆಬ್ರವರಿ 2, ಭಾನುವಾರ

ಆವಲಪ್ಪ ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ಅವರ ಕೈ ಮೊಣಕೈವರೆಗೆ ಯಾವ ಬಣ್ಣ ಎಂದು ಹೇಳಲಾಗದು, ಇವತ್ತಿನದು ನೇರಳೆಯ ಮೇಲೆ ಕುಂಕುಮ. ನಾಲ್ಕು ತಾಮ್ರದ ಹಂಡೆ, ಹಬೆ, ಮೂಗಿಗೆ ಹತ್ತುವ ಹುಳಿ ವಾಸನೆ.

ಫೋನ್ ಕೊಟ್ಟೆ. ದೂರ ಹಿಡಿದು, ಹತ್ತಿರ ಹಿಡಿದು, ತಲೆಕೆಳಗೆ ಹಿಡಿದು ನೋಡಿದರು.

"ಯಾವ ನನ್ಮಗ ಹಾಕಿದ್ದು ಈ ಬಣ್ಣಾನ?"

"ನಾನೇ."

"ಹಂಗಾದ್ರೆ ಏನೇನು ಹಾಕ್ದೆ ಹೇಳು. ನೀಲಿ ಎಷ್ಟು, ಹಳದಿ ಎಷ್ಟು?"

ಮೂವತ್ತೈದು ಸಾವಿರ ಸಾಲಿನ ಟೇಬಲ್ ಎಂದೆ. ನಗಲಿಲ್ಲ. ಒಳಗೆ ಹೋಗಿ ಒಂದು ಹಳೇ ಲೆಡ್ಜರ್ ಪುಸ್ತಕ ತಂದರು. ಒಂದೊಂದು ಪುಟಕ್ಕೆ ಹನ್ನೆರಡು ತುಂಡು ನೂಲು ಅಂಟಿಸಿದ್ದಾರೆ. ಪಕ್ಕದಲ್ಲಿ ಪುಡಿ ಎಷ್ಟು, ನೀರು ಎಷ್ಟು, ಎಷ್ಟು ಹೊತ್ತು ಕಾಯಬೇಕು ಎಂದು ಪೆನ್ಸಿಲ್ಲಿನಲ್ಲಿ ಇದೆ. ಇಂಥ ಬಣ್ಣ ಬೇಕೆಂದರೆ ಇಂಥದ್ದನ್ನು ಮಾಡು. ಇದೂ ಟೇಬಲ್ಲೇ. ಒಂದೇ ವ್ಯತ್ಯಾಸ, ಇದರಲ್ಲಿ ಅಲ್ಲಲ್ಲಿ "ಮೋಡ ಇದ್ದರೆ ನಂಬಬೇಡ" ಎಂದು ಬರೆದಿದೆ.

ಮಧ್ಯಾಹ್ನದವರೆಗೆ ಮೂರು ಲಡಿ ನೂಲು ಅದ್ದಿದರು. ಒಂದು ಬರೀ ನೀಲಿ, ಒಂದು ಬರೀ ಹಸಿರು, ಒಂದು ಕೆರೆಯ ಪಾಚಿ.

"ಹೆಂಗದೆ?" ಎಂದು ಮೂರನೆಯದನ್ನು ಎತ್ತಿ ಹಿಡಿದರು.

"ಪಾಚಿ" ಎಂದೆ.

"ನಿನ್ನ ಬಾಯಿ ಚೆನ್ನಾಗದೆ" ಎಂದರು. ಬೈದರೋ ಹೊಗಳಿದರೋ ಗೊತ್ತಿಲ್ಲ. ನಾಳೆ ಆರೂವರೆ ಬಸ್ಸಿಗೆ ಬಾ ಎಂದರು.

ಫೆಬ್ರವರಿ 5, ಬುಧವಾರ

ಮೂರು ದಿನದಿಂದ ಬೆಳಿಗ್ಗೆ ಆವಲಪ್ಪನ ಹಂಡೆ, ಹನ್ನೊಂದಕ್ಕೆ ಸ್ಟುಡಿಯೋ. ವೇಣಣ್ಣ ಒಪ್ಪಿದ್ದಾನೆ. ನಾನು ಅರ್ಧ ದಿನ ಇಲ್ಲದಿದ್ದರೆ ಗಿರಾಕಿಗಳು ಅರ್ಧ ದಿನ ಕ್ಷೇಮ ಎಂದು ಲೆಕ್ಕ.

ಒಟ್ಟು ಹದಿನಾಲ್ಕು ಲಡಿ ಅದ್ದಿದ್ದಾಯಿತು. ನಾನೀಗ ಪುಡಿ ತೂಗುತ್ತೇನೆ. ಮೊದಲ ದಿನ ಅಂದಾಜಿಗೆ ಸುರಿದೆ, ಆವಲಪ್ಪ ಲಡಿಯನ್ನು ನನ್ನ ಕೈಗೇ ಕೊಟ್ಟು "ತಗೋ, ಇದನ್ನ ನೀನೇ ಉಟ್ಕೋ" ಎಂದರು. ಅದಾದ ಮೇಲೆ ಗ್ರಾಮಿನ ಹತ್ತನೇ ಭಾಗದವರೆಗೆ ತೂಗಿ, ಬರೆದಿಟ್ಟು, ಗಡಿಯಾರ ನೋಡಿ ತೆಗೆಯುತ್ತೇನೆ. ನಿನ್ನೆಯ ಲಡಿಗೆ ಬೇಕಾದ ಪುಡಿಯ ತೂಕ ನನಗೆ ಅವರು ಹೇಳಿದ್ದಕ್ಕಿಂತ ಬೇರೆ ಬಂತು. ಬಂದದ್ದನ್ನೇ ಬರೆದೆ. ಅವರು ಅದನ್ನು ಓದಿ, ತಮ್ಮ ಪುಸ್ತಕದ ಅಂಕಿ ಅಳಿಸಿ ನನ್ನದು ಹಾಕಿದರು. ನಾನು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಆದರೂ ಫೋಟೋ ಬಣ್ಣ ಬರಲಿಲ್ಲ. ನೆರಳಿಗೆ ಸರಿಹೋದರೆ ಬೆಳಕಿಗೆ ಹೋಗುವುದಿಲ್ಲ. ಬೆಳಕಿಗೆ ಹೊಂದಿದರೆ ಮಡಿಕೆಯಲ್ಲಿ ಸಾಯುತ್ತದೆ.

ಇವತ್ತು ಯೋಚನೆ ಬಂತು. ಟೇಬಲ್ ಕಡು ಹಸಿರಿಗೆ ಒಂದು ಉತ್ತರ ಬರೆಯುತ್ತದೆ, ತಿಳಿ ಹಸಿರಿಗೆ ಬೇರೆಯದೇ ಉತ್ತರ. ಒಂದೇ ಸೀರೆ, ಎರಡು ಉತ್ತರ. ಇದನ್ನು ಹೇಳಿದ್ದೇ ಆವಲಪ್ಪ ಕಲಕುತ್ತಿದ್ದ ಕೋಲು ಬಿಟ್ಟರು.

"ಥೂ, ಮೊದ್ಲೇ ಹೇಳ್ಬಾರ್ದಾ. ಇದು ಹಂಡೇಲಿ ಬರೋ ಬಣ್ಣ ಅಲ್ಲ ಕಣವ್ವಾ. ಮಗ್ಗದಲ್ಲಿ ಬರೋದು."

ಉದ್ದಕ್ಕೆ ಹೋಗುವ ಹಾಸಿನ ನೂಲು ಒಂದು ಬಣ್ಣ, ಅಡ್ಡಕ್ಕೆ ಲಾಳಿಯಲ್ಲಿ ಓಡುವ ಹೊಕ್ಕಿನ ನೂಲು ಇನ್ನೊಂದು ಬಣ್ಣ ಇಟ್ಟರೆ, ಬಟ್ಟೆ ಮಡಿಸಿದಾಗ ಒಂದು, ಚಾಚಿದಾಗ ಒಂದು. ಡಬಲ್ ಶೇಡ್. ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ನಾವಿಬ್ಬರೂ ಸೇರಿ ನಾಲ್ಕು ದಿನ ಪಾಚಿ ಮಾಡುತ್ತಿದ್ದೆವು.

ವೆಂಕಟರಾಯಪ್ಪನಿಗೆ ಫೋನ್ ಮಾಡಿದರೆ, "ಹಾಸು ಆಗ್ಲೇ ಮಗ್ಗದ ಮ್ಯಾಲೆ ಅದೆ, ಅದೇ ರಾಗಿ ಪೈರು. ಹೊಕ್ಕು ತತ್ತಾ" ಎಂದರು. ಸದ್ದಿನ ನಡುವೆಯೂ ಅವರ ಧ್ವನಿ ಮೇಲಕ್ಕೆ ಹಾರಿದ್ದು ಕೇಳಿಸಿತು.

ಫೆಬ್ರವರಿ 7, ಶುಕ್ರವಾರ

ಹೊಕ್ಕಿಗೆ ನವಿಲು ನೀಲಿ, ಅದಕ್ಕೆ ಉಗುರಿನಷ್ಟು ಕಪ್ಪು. ಅರ್ಧ ಮೀಟರ್ ನೇಯ್ದು ಕತ್ತರಿಸಿ ಕೈಗೆ ಕೊಟ್ಟರು. ಬಾಗಿಲಲ್ಲಿ ನಿಂತು ಮಡಿಸಿದೆ. ನೀಲಿ. ಬಿಚ್ಚಿದೆ. ಹಸಿರು. ಪಕ್ಕದಲ್ಲಿ ಫೋನ್ ಹಿಡಿದೆ.

ಆವಲಪ್ಪ, ವೆಂಕಟರಾಯಪ್ಪ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು, ಬಟ್ಟೆಯನ್ನಲ್ಲ. ನಾನು ಚೆನ್ನಾಗಿಲ್ಲ ಎಂದರೆ ಚೆನ್ನಾಗಿಲ್ಲ ಎಂದು ಅವರಿಗೆ ಗೊತ್ತು.

"ಅದೇ" ಎಂದೆ.

ಫೆಬ್ರವರಿ 8, ಶನಿವಾರ

ಬಟ್ಟೆಯ ಫೋಟೋ ಏನೂ ಹಾಕದೆ ತೆಗೆದು ಹೊಸಕೋಟೆಗೆ ಕಳಿಸಿದೆವು. ಸಂಘಮಿತ್ರ ಅವರಿಂದ ಉತ್ತರ: "ಇದು ಎಡಿಟ್ ಮಾಡಿದ ಹಾಗಿದೆಯಲ್ಲ?" ಇಷ್ಟು ದಿನದಲ್ಲಿ ನಮ್ಮಿಂದ ಅವರಿಗೆ ಹೋದ ಒಂದೇ ಒಂದು ನಿಜವಾದ ಫೋಟೋ ಅದು.

ಬಟ್ಟೆಯನ್ನೇ ತೆಗೆದುಕೊಂಡು ಹೋಗಿ ತೋರಿಸಿ ಬಾ, ಅವರು ಹೂಂ ಅಂದರೆ ನೇಯ್ಗೆ ಶುರು ಮಾಡುತ್ತೇನೆ ಎಂದು ವೆಂಕಟರಾಯಪ್ಪ ನನಗೆ ಹೇಳಿದರು. ಇನ್ನು ಉಳಿದಿರುವುದು ಎರಡು ವಾರ. ಅವರು ಬೇಡ ಎಂದರೆ ನಾಲ್ಕು ಮಗ್ಗ ಈ ತಿಂಗಳು ಸುಮ್ಮನೆ ನಿಲ್ಲುತ್ತವೆ. ಬೆಂಗಳೂರಿನವರ ಹತ್ತಿರ ಮತ್ತೆ ಹೋಗಿ ಬಾಗಿಲಲ್ಲಿ ನಿಲ್ಲಬೇಕು. ಇದನ್ನು ಅವರು ಹೇಳಲಿಲ್ಲ, ಅವರ ಕೆಲಸದವರು ಹೇಳಿದರು.

ವೇಣಣ್ಣ ಸ್ಟುಡಿಯೋದಲ್ಲಿ ಕುರ್ಚಿ ಹತ್ತಿರ ಎಳೆದುಕೊಂಡು ಕೂತ. "ಅಲ್ಲಿ ಹೋಗಿ ಬಟ್ಟೆ ತೋರ್ಸು, ಬಾ. ಹಳೇ ಕಥೆ ಎತ್ಬೇಡ."

"ಮೊದಲ್ನೇ ಫೋಟೋ ಸುಳ್ಳಲ್ವಾ?"

"ಈಗ ಎಲ್ಲಿದೆ ಸುಳ್ಳು? ಫೋಟೋದಲ್ಲಿ ಇದ್ದದ್ದೇ ಬಟ್ಟೇಲಿ ಬಂತಲ್ಲ. ಫೋಟೋ ಸ್ವಲ್ಪ ಬೇಗ ಬಂದಿತ್ತು, ಬಟ್ಟೆ ಲೇಟಾಗಿ ಬಂತು. ಅಷ್ಟೇ."

ಇದಕ್ಕೆ ಏನು ಹೇಳುವುದು ಎಂದು ಇಡೀ ಸಂಜೆ ಯೋಚಿಸಿದೆ. ಅವನ ಮಾತಿನಲ್ಲಿ ಎಲ್ಲಿ ತಪ್ಪಿದೆ ಎಂದು ಸಿಗಲಿಲ್ಲ. ಎಲ್ಲೋ ಇದೆ.

ಫೆಬ್ರವರಿ 9, ಭಾನುವಾರ

ದೇವನಹಳ್ಳಿಯಲ್ಲಿ ಬಸ್ ಬದಲಿಸಿ, ಸೂಲಿಬೆಲೆ ಮೇಲೆ ಹೊಸಕೋಟೆ. ಚೀಲದಲ್ಲಿ ಎರಡು ಬಟ್ಟೆ: ಡಬಲ್ ಶೇಡಿನ ಅರ್ಧ ಮೀಟರು, ಜೊತೆಗೆ ರಾಗಿ ಪೈರಿನ ಹಳೆಯ ಸೀರೆ. ಎರಡನೆಯದನ್ನು ತೆಗೆದುಕೊಂಡು ಹೋಗೆಂದು ಯಾರೂ ಹೇಳಿರಲಿಲ್ಲ.

ಮದುವೆ ಮನೆಯ ನಡುಮನೆಯಲ್ಲಿ ಚಾಪೆಯ ತುಂಬ ತಾಂಬೂಲದ ಚೀಲಗಳು. ಸಂಘಮಿತ್ರ ಅವರಿಗೆ ಮೂವತ್ತಿರಬಹುದು, ನಡೆಯುವುದೇ ಓಡಿದ ಹಾಗೆ. ಮದುಮಗಳು ಸಿಂಧು ಮೂಲೆಯಲ್ಲಿ ಅಡಿಕೆ ಪೊಟ್ಟಣ ಕಟ್ಟುತ್ತಿದ್ದಳು, ಮದುವೆ ಬೇರೆ ಯಾರದೋ ಎನ್ನುವ ಹಾಗೆ. ಗೋಡೆಗೆ ಒರಗಿ ಅಜ್ಜಿ ಲಕ್ಕಮ್ಮ.

ಬಟ್ಟೆ ಬಿಚ್ಚಿದೆ. ಸಂಘಮಿತ್ರ ಫೋನ್ ಪಕ್ಕದಲ್ಲಿಟ್ಟು ನೋಡಿದರು, ಕಿಟಕಿಗೆ ಹೋಗಿ ನೋಡಿದರು, ಟ್ಯೂಬ್‌ಲೈಟಿನ ಕೆಳಗೆ ನೋಡಿದರು. "ಅದೇ, ಅದೇ" ಎಂದು ಅಕ್ಕಪಕ್ಕದ ಚಿಕ್ಕಮ್ಮಂದಿರನ್ನೆಲ್ಲ ಕರೆದರು. ಎಲ್ಲರ ಕೈಗೂ ಹೋಗಿ ಬಂತು. ಎಲ್ಲರಿಗೂ ಇಷ್ಟವಾಯಿತು. ಒಬ್ಬರು ನನಗೆ ಕಾಫಿ ತಂದುಕೊಟ್ಟರು. ಯಾರೂ ಏನೂ ಕೇಳಲಿಲ್ಲ. ಕಾಫಿ ಕುಡಿದು ಎದ್ದು ಬಂದುಬಿಡಬಹುದಿತ್ತು.

ಸಿಂಧು ಮಾತ್ರ ಮೂಲೆಯಿಂದ ಎದ್ದಿರಲಿಲ್ಲ. ಅವಳ ಮದುವೆ, ಬಟ್ಟೆಯನ್ನು ಅವಳು ನೋಡಿಯೇ ಇರಲಿಲ್ಲ. ಅವಳ ಹತ್ತಿರ ಹೋಗಿ ಕೂತೆ. "ಅಕ್ಕಾ, ನೀವು ನೋಡಿದ ಮೊದಲ್ನೇ ಫೋಟೋ ನಾನು ಕೆಡಿಸಿದ್ದು. ಈ ಬಣ್ಣ ಆಗ ಇರ್ಲಿಲ್ಲ. ಆಮೇಲೆ ಮಾಡಿದ್ವಿ. ಆ ದಿನ ನಿಜವಾಗ್ಲೂ ಹಗ್ಗದ ಮೇಲೆ ಇದ್ದ ಸೀರೆ ಇದು" ಎಂದು ಹಸಿರು ಸೀರೆ ಅವಳ ತೊಡೆಯ ಮೇಲೆ ಇಟ್ಟೆ.

ಸಂಘಮಿತ್ರ ಸೊಂಟದ ಮೇಲೆ ಕೈ ಇಟ್ಟುಕೊಂಡರು. "ಅಂದ್ರೆ ಇಲ್ಲದೇ ಇರೋ ಸೀರೆಗೆ ಆರ್ಡರ್ ತಗೊಂಡ್ರಾ ನೀವು?"

"ಅವರು ತಗೊಂಡಿಲ್ಲ. ಅವರಿಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು."

"ಈಗ ಯಾಕೆ ಹೇಳ್ತಿದೀಯಾ ಮತ್ತೆ? ಸರಿಹೋಯ್ತಲ್ಲ."

"ಎರಡೂ ನೋಡಿ ಆರಿಸ್ಕೊಳ್ಳಲಿ ಅಂತ."

ಸಿಂಧು ಹಸಿರು ಸೆರಗನ್ನು ಬಿಚ್ಚಿ ಕೈಮೇಲೆ ಹಾಕಿಕೊಂಡಿದ್ದಳು. "ನನಗೆ ಇದು" ಎಂದಳು.

"ಏನು ಇದು? ಇಪ್ಪತ್ತು ಜನ ಆ ಬಣ್ಣ ಒಪ್ಕೊಂಡಿದಾರೆ" ಎಂದು ಅಕ್ಕ.

"ಒಪ್ಕೊಳ್ಳಲಿ. ನನ್ನ ಕೇಳಿದ್ಯಾ ನೀನು?"

"ಒಂದೇ ಬಣ್ಣ ಅಂತ ತಾನೇ ಪ್ಲಾನು?"

ಮಾತು ಏರಿತು. ನಾಲ್ಕು ಮಗ್ಗ ಕಣ್ಣ ಮುಂದೆ ನಿಂತೇಹೋದವು. ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದೆ. ಆಗ ಲಕ್ಕಮ್ಮ ಎರಡೂ ಬಟ್ಟೆಯನ್ನು ಎಳೆದುಕೊಂಡು, ಕಣ್ಣಿನ ಹತ್ತಿರಕ್ಕೆ ಹಿಡಿದು, ಬೆರಳಲ್ಲಿ ಉಜ್ಜಿ ನೋಡಿದರು.

"ಎರಡಕ್ಕೂ ಹಾಸು ಒಂದೇ ಅಲ್ವೇನೇ?" ಎಂದು ನನ್ನನ್ನು ಕೇಳಿದರು.

"ಹೂಂ ಅಜ್ಜಿ. ಹೊಕ್ಕು ಮಾತ್ರ ಬೇರೆ."

"ಮತ್ತೇನು ಜಗಳ ನಿಮ್ದು. ಇಪ್ಪತ್ತು ಅದು, ಒಂದು ಇದು. ಇಪ್ಪತ್ತೊಂದು ಜನಾನೂ ಒಂದೇ ಬಣ್ಣ ಉಟ್ಕೊಂಡು ನಿಂತ್ರೆ, ಬಂದೋರು ಅಕ್ಷತೆ ಯಾರ ತಲೆ ಮೇಲೆ ಹಾಕ್ಬೇಕು? ನನ್ ತಲೆ ಮೇಲಾ?"

ಮೊದಲು ನಕ್ಕಿದ್ದು ಸಂಘಮಿತ್ರ. ಹೊರಡುವಾಗ ಬಾಗಿಲವರೆಗೂ ಬಂದು, ದನಿ ತಗ್ಗಿಸಿ, "ಮದುವೆ ಫೋಟೋಗೆ ನೀನೇ ಬಾ. ಸೀರೆ ಇದ್ದದ್ದು ಇದ್ದ ಹಾಗೇ ತೆಗಿ. ನನ್ನ ಮುಖಕ್ಕೆ ಮಾತ್ರ ಅದೇನೋ ಹಾಕ್ತೀರಲ್ಲ, ಅದನ್ನ ಸ್ವಲ್ಪ ಹಾಕು" ಎಂದರು.

ಬಾಯಿಗೆ ಏನೋ ಬಂತು. "ಪಕ್ಕದಲ್ಲೇ ಕೂತ್ಕೊಳ್ಳಿ ಅಕ್ಕಾ, ಎಲ್ಲಿ ಸಾಕು ಅಂತೀರೋ ಅಲ್ಲಿ ನಿಲ್ಲಿಸ್ತೀನಿ" ಎಂದೆ.

ಬಸ್ ಸ್ಟ್ಯಾಂಡಿನಿಂದ ವೆಂಕಟರಾಯಪ್ಪನಿಗೆ ಫೋನ್ ಮಾಡಿ ಇಪ್ಪತ್ತು, ಒಂದು ಎಂದೆ. ಆ ಕಡೆ ಮಗ್ಗಗಳ ಸದ್ದು ಒಂದೊಂದಾಗಿ ಶುರುವಾಗುವುದು ಕೇಳಿಸಿತು. ಅವರು ಫೋನ್ ಇಡುವುದನ್ನೇ ಮರೆತಿದ್ದರು.

ಫೆಬ್ರವರಿ 10, ಸೋಮವಾರ

ಬೆಳಿಗ್ಗೆ ಆವಲಪ್ಪನ ಹತ್ತಿರ ಉಳಿದ ಸೀರೆಗಳ ಹೊಕ್ಕಿಗೆ ಪುಡಿ ತೂಗುತ್ತಿದ್ದೆ. ವೆಂಕಟರಾಯಪ್ಪ ಫೋನ್ ಹಿಡಿದುಕೊಂಡು ಬಂದರು, ಮುಖ ವಿಚಿತ್ರವಾಗಿತ್ತು.

"ಚಿಂತಾಮಣಿಯಿಂದ ಯಾರೋ ದೇವೇಂದ್ರ ಅಂತ. ಬಾಡಿದ ಗುಲಾಬಿ ಹನ್ನೊಂದು ಬೇಕಂತೆ, ಗೃಹಪ್ರವೇಶಕ್ಕೆ. ಎಲ್ಲಿಂದಲೋ ಫಾರ್ವರ್ಡ್ ಆಗಿ ಬಂತಂತೆ ಫೋಟೋ."

ನೋಡಿದೆ. ಹಳೆಯ ಫೋಟೋ. ಬಾಡಿದ ಗುಲಾಬಿ ಅದರಲ್ಲಿ ಸುಟ್ಟ ಇಟ್ಟಿಗೆಯಾಗಿತ್ತು, ಅಂಚು ಕಿತ್ತಳೆ.

ಆವಲಪ್ಪ ನನ್ನ ಭುಜದ ಮೇಲಿಂದ ಇಣುಕಿ ನೋಡಿ, ಹೋಗಿ ಇನ್ನೊಂದು ಹಂಡೆಗೆ ನೀರು ಬಿಟ್ಟರು.

"ತಡೀರಿ" ಎಂದೆ. "ಮೊದ್ಲು ಅವರ ನಂಬರ್ ಕೊಡಿ."

ನಂಬರು ಈ ಹಾಳೆಯ ಮೂಲೆಯಲ್ಲಿದೆ. ಬರೆಯುವುದು ನಿಲ್ಲಿಸಿ ಈಗಲೇ ಫೋನ್ ಮಾಡುತ್ತೇನೆ.